ನಲವತ್ತಾರರಲ್ಲಿ ಓಡಲು ಹೊರಟವರಿಗೆ

ಪ್ರಶ್ನೆ: ನನಗೆ 46 ವರ್ಷ. ದಾವಣಗೆರೆಯ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ತೂಕ 82 ಕೆ.ಜಿ., ಎತ್ತರ ಐದೂವರೆ ಅಡಿ. ಕಳೆದ ತಪಾಸಣೆಯಲ್ಲಿ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2 ಬಂದಿದೆ. ಸದ್ಯ ಮಾತ್ರೆ ಬೇಡ, ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ಬೆಂಗಳೂರಿನಲ್ಲಿರುವ ನನ್ನ ಸಹಪಾಠಿಯೊಬ್ಬ ಎರಡು ವರ್ಷದಿಂದ ಓಡುತ್ತಿದ್ದು, ಮ್ಯಾರಥಾನ್ ತನ್ನ ಬದುಕನ್ನೇ ಬದಲಿಸಿತು ಎನ್ನುತ್ತಾನೆ. ಅವನ ಮಾತು ಕೇಳಿ ನಾನೂ ಕುಂದವಾಡ ಕೆರೆಯ ಬಳಿ ದಿನವೂ ಮೂರು ಕಿ.ಮೀ. ಓಡಲು ಶುರುಮಾಡಿದೆ. ಪ್ರತಿದಿನ ಏದುಸಿರು; ಮೂರನೇ ವಾರಕ್ಕೆ ಮೊಣಕಾಲಿನ ಕೆಳಗೆ, ಎಲುಬಿನುದ್ದಕ್ಕೂ ನೋವು ಬಂದು ಬಿಟ್ಟುಬಿಟ್ಟೆ. ಈ ವಯಸ್ಸಿನಲ್ಲಿ ಓಡಿದರೆ ಮಂಡಿ ಸವೆಯುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ದೂರದ ಓಟ ನನ್ನಂಥವರಿಗೆ ನಿಜವಾಗಿ ಏನು ಮಾಡಬಲ್ಲದು? ಇನ್ನು ಐದು ತಿಂಗಳಿಗೆ ಮುಂಬೈ ಮ್ಯಾರಥಾನ್ ಇದೆ, ಹೆಸರು ಕೊಡು ಎನ್ನುತ್ತಿದ್ದಾನೆ. ಕೊಡಲೇ?

ಉತ್ತರ: ನಿಮ್ಮ ಸಹಪಾಠಿ ಹೇಳುತ್ತಿರುವುದು ಸುಳ್ಳಲ್ಲ, ಆದರೆ ಅದರ ಶ್ರೇಯಸ್ಸನ್ನು ಅವರು ಸಲ್ಲದ ಕಡೆಗೆ ಸಲ್ಲಿಸುತ್ತಿದ್ದಾರೆ. 42.195 ಕಿಲೋಮೀಟರ್ ಓಡಿದ ಆ ಒಂದು ಬೆಳಿಗ್ಗೆ ಯಾರ ದೇಹವನ್ನೂ ಸುಧಾರಿಸುವುದಿಲ್ಲ. ಅದಾದ ಮೇಲೆ ಎರಡು ಮೂರು ವಾರ ಸ್ನಾಯುಗಳು ಪೆಟ್ಟು ತಿಂದ ಸ್ಥಿತಿಯಲ್ಲೇ ಇರುತ್ತವೆ. ಸುಧಾರಣೆ ಆಗುವುದು ಅದಕ್ಕೂ ಮುಂಚಿನ ತಿಂಗಳುಗಳಲ್ಲಿ, ಯಾರೂ ಫೋಟೊ ತೆಗೆಯದ ಬೆಳಗುಗಳಲ್ಲಿ, ಅದೂ ಪಕ್ಕದವರೊಡನೆ ಮಾತನಾಡುತ್ತಾ ಸಾಗಬಹುದಾದಷ್ಟು ನಿಧಾನದ ಓಟದಲ್ಲಿ. ನೀವು ಮೂರೇ ವಾರಕ್ಕೆ ಸೋತದ್ದಕ್ಕೆ ನಿಮ್ಮ ವಯಸ್ಸಾಗಲೀ ತೂಕವಾಗಲೀ ಮುಖ್ಯ ಕಾರಣವಲ್ಲ. ನೀವು ವೇಗವಾಗಿ ಓಡಿದಿರಿ, ದಿನವೂ ಓಡಿದಿರಿ, ಅಷ್ಟೆ. ಓಟ ಸಾಮಾನ್ಯರ ಬದುಕನ್ನು ಬದಲಿಸಬಲ್ಲದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು ಎಂಬುದೇ. ಆದರೆ ನಾನು ಕಂಡಂತೆ ಆ ಬದಲಾವಣೆ ದಕ್ಕುವುದು ನಿಧಾನವಾಗಿ ಓಡಲು ಒಪ್ಪಿಕೊಂಡವರಿಗೆ. ಹಾಗೆ ಒಪ್ಪಿಕೊಳ್ಳುವುದು ಓಡುವುದಕ್ಕಿಂತ ಕಷ್ಟದ ಕೆಲಸ.

ಕ್ರೀಡಾಪಟುಗಳಲ್ಲದ ನಡುವಯಸ್ಸಿನವರು ಆರೋಗ್ಯಕ್ಕಾಗಿ ದೂರ ಓಡುವ ರೂಢಿ ತೀರಾ ಹಳೆಯದಲ್ಲ. ಅದರ ಬಹುಮುಖ್ಯ ಬೇರೊಂದು ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿದೆ. ಅಲ್ಲಿ ಬೂಟಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್ ಎಂಬುವರು ತಮ್ಮ ಕೇರಿಯ ಹುಡುಗರಿಗೆ ಓಟ ಕಲಿಸುತ್ತಿದ್ದರು. ಆ ಹುಡುಗರಲ್ಲಿ ಇಬ್ಬರು, ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್‌ಬರ್ಗ್, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ 800 ಮೀಟರ್ ಮತ್ತು 5000 ಮೀಟರ್ ಓಟಗಳಲ್ಲಿ ಚಿನ್ನ ಗೆದ್ದರು. ತಿಂಗಳುಗಟ್ಟಲೆ ಆಯಾಸವಾಗದ ವೇಗದಲ್ಲಿ ದೂರದೂರ ಓಡಿಸಿ, ಆಮೇಲಷ್ಟೇ ವೇಗದ ಅಭ್ಯಾಸ ಕೊಡುವುದು ಲಿಡಿಯಾರ್ಡ್ ಅವರ ಪದ್ಧತಿ. ಅದೇ ಪದ್ಧತಿಯ ಮೊದಲ ಅರ್ಧವನ್ನು ಅವರು ಊರಿನ ನಡುವಯಸ್ಸಿನ ವ್ಯಾಪಾರಸ್ಥರಿಗೂ, ಹೃದಯದ ತೊಂದರೆ ಕಂಡವರಿಗೂ ಹೇಳಿಕೊಟ್ಟರು. 1962ರ ಹೊತ್ತಿಗೆ ಅಲ್ಲಿ ಜಾಗಿಂಗ್ ಮಾಡುವವರದೇ ಒಂದು ಸಂಘ ಕಟ್ಟಿಕೊಂಡಿತ್ತು. ಆ ವರ್ಷದ ಕೊನೆಗೆ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದಾಗ ಈ ಗುಂಪಿನೊಡನೆ ಓಡಿದರು. ಐವತ್ತು ದಾಟಿದ್ದ ಆ ಪ್ರಸಿದ್ಧ ತರಬೇತುದಾರರು ಬಹುಬೇಗ ಹಿಂದೆ ಬಿದ್ದರೆಂದೂ, ಎಪ್ಪತ್ತು ದಾಟಿದ, ಹೃದಯಾಘಾತದಿಂದ ಚೇತರಿಸಿಕೊಂಡಿದ್ದ ಹಿರಿಯರೊಬ್ಬರು ಅವರಿಗಾಗಿ ನಿಧಾನಿಸಿ ಜೊತೆಗೊಟ್ಟರೆಂದೂ ಓಟದ ಇತಿಹಾಸ ಬಲ್ಲವರು ಇಂದಿಗೂ ಹೇಳುತ್ತಾರೆ. ಬೋವರ್‌ಮನ್ ಊರಿಗೆ ಮರಳಿ ತಮ್ಮ ನೆರೆಹೊರೆಯವರನ್ನು ಓಡಿಸಿದರು. ಜಾಗಿಂಗ್ ಅಮೆರಿಕದಲ್ಲಿ ಹಬ್ಬಿ ಅಲ್ಲಿಂದ ಜಗತ್ತಿಗೆ ಹರಡಿತು. ನಮ್ಮಲ್ಲಿ 2004ರಲ್ಲಿ ಆರಂಭವಾದ ಮುಂಬೈ ಮ್ಯಾರಥಾನ್, 2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ 10 ಕಿ.ಮೀ. ಓಟಗಳು ಬ್ಯಾಂಕು, ಶಾಲೆ, ಕಚೇರಿಗಳಲ್ಲಿ ದುಡಿಯುವವರನ್ನು ಬೀದಿಗಿಳಿಸಿದವು. ಇಷ್ಟು ಹಿನ್ನೆಲೆ ಹೇಳಿದ್ದಕ್ಕೆ ಕಾರಣವಿದೆ. ಮಾತನಾಡಿಕೊಂಡು ಓಡುವ ವೇಗ ದುರ್ಬಲರಿಗೆಂದು ಕೊಟ್ಟ ರಿಯಾಯಿತಿಯಲ್ಲ. ಒಲಿಂಪಿಕ್ಸ್ ಗೆದ್ದವರ ಮತ್ತು ಹೃದಯರೋಗಿಗಳ ಅಭ್ಯಾಸಕ್ಕೆ ತಳಪಾಯ ಅದೊಂದೇ ಆಗಿತ್ತು.

ನಿಧಾನದ ಓಟ ದೇಹದೊಳಗೆ ಮಾಡುವ ಕೆಲಸವನ್ನು ತಿಳಿದುಕೊಂಡರೆ ತಾಳ್ಮೆ ತಾನಾಗಿ ಬರುತ್ತದೆ. ವಾರಗಟ್ಟಲೆ ಸುಲಭದ ವೇಗದಲ್ಲಿ ಓಡಿದಾಗ ಹೃದಯದ ಎಡ ಹೃತ್ಕುಕ್ಷಿ, ಎಂದರೆ ಮೈಗೆಲ್ಲ ರಕ್ತ ತಳ್ಳುವ ಕೋಣೆ, ಹೆಚ್ಚು ರಕ್ತ ತುಂಬಿಕೊಳ್ಳಲು ಕಲಿಯುತ್ತದೆ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರಗೆ ತಳ್ಳುತ್ತದೆ. ಅದರಿಂದಾಗಿ ಬೆಳಿಗ್ಗೆ ಹಾಸಿಗೆಯಲ್ಲಿ ಎಣಿಸಿದ ನಾಡಿ ಕೆಲವೇ ತಿಂಗಳಲ್ಲಿ ಇಳಿದಿರುವುದನ್ನು ನೀವೇ ಕಾಣಬಹುದು. ತೊಡೆ ಮತ್ತು ಮೀನಖಂಡದ ಸ್ನಾಯುಗಳಲ್ಲಿ ಹೊಸ ಲೋಮನಾಳಗಳು, ಎಂದರೆ ಅತಿ ಸಣ್ಣ ರಕ್ತನಾಳಗಳು, ಹುಟ್ಟುತ್ತವೆ, ಜೀವಕೋಶಗಳಲ್ಲಿ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳ ಸಂಖ್ಯೆ ಮತ್ತು ಗಾತ್ರ ಎರಡೂ ಬೆಳೆಯುತ್ತವೆ, ಕೊಬ್ಬನ್ನು ಉರಿಸಿ ನಡೆಯುವ ಸಾಮರ್ಥ್ಯ ಹೆಚ್ಚುತ್ತದೆ. ಏದುಸಿರು ಬಿಡುತ್ತಾ ಓಡಿದರೆ ಇವು ಆಗುವುದಿಲ್ಲವೆಂದಲ್ಲ. ಆದರೆ ಹೊಸಬರು ಹಾಗೆ ಓಡಿದರೆ ವಾರಕ್ಕೆ ಬೇಕಾದಷ್ಟು ಹೊತ್ತು ಓಡಲಾಗುವುದಿಲ್ಲ, ಓಡಿದರೂ ಕಾಲು ತಡೆಯುವುದಿಲ್ಲ.

ನಿಮಗೆ ಎಲ್ಲಕ್ಕಿಂತ ಮುಖ್ಯವಾದುದು ಸಕ್ಕರೆಯ ಸಂಗತಿ. 6.2 ಎಂದರೆ ಮಧುಮೇಹದ ಹೊಸ್ತಿಲು, 6.5ಕ್ಕೆ ಬಾಗಿಲು ದಾಟಿದಂತೆ. ಸ್ನಾಯು ಕೆಲಸ ಮಾಡುತ್ತಿರುವಾಗ ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ, ಮತ್ತು ಓಟ ನಿಂತ ಮೇಲೂ ಸುಮಾರು ಒಂದೆರಡು ದಿನ ಅದೇ ಸ್ನಾಯು ಇನ್ಸುಲಿನ್‌ನ ಮಾತನ್ನು ಎಂದಿಗಿಂತ ಚೆನ್ನಾಗಿ ಕೇಳುತ್ತದೆ. ಅದಕ್ಕಾಗಿಯೇ, ಭಾನುವಾರ ಒಂದೇ ದಿನ ಹತ್ತು ಕಿಲೋಮೀಟರ್ ಓಡುವುದಕ್ಕಿಂತ ವಾರದಲ್ಲಿ ನಾಲ್ಕು ದಿನ ಅರ್ಧರ್ಧ ಗಂಟೆ ಓಡುವುದು ನಿಮಗೆ ಹೆಚ್ಚು ಹಿತ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ನಿಮ್ಮದೇ ಹಂತದಲ್ಲಿದ್ದವರು ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡಿ, ತೂಕವನ್ನು ಶೇ 7ರಷ್ಟು ಇಳಿಸುವ ಗುರಿ ಇಟ್ಟುಕೊಂಡಾಗ, ಮಧುಮೇಹಕ್ಕೆ ಜಾರುವ ಸಂಭವ ಶೇ 58ರಷ್ಟು ತಗ್ಗಿತು. ಮಾತ್ರೆ ನುಂಗಿದವರಲ್ಲಿ ತಗ್ಗಿದ್ದು ಶೇ 31. ನಮ್ಮ ಜನರ ವಿಷಯ ಸ್ವಲ್ಪ ಬೇರೆ. ಚೆನ್ನೈನ ತಜ್ಞರು 2006ರಲ್ಲಿ ಪ್ರಕಟಿಸಿದ ಇಂಥದೇ ಅಧ್ಯಯನದಲ್ಲಿ ಜೀವನಕ್ರಮದ ಬದಲಾವಣೆಯಿಂದ ಸಿಕ್ಕ ರಕ್ಷಣೆ ಶೇ 28.5 ಮಾತ್ರ. ಭಾರತೀಯರು ಇದಕ್ಕಿಂತ ದೊಡ್ಡ ಭರವಸೆಯನ್ನು ಯಾರ ಬಾಯಿಂದಲೂ ನಂಬಬಾರದು ಎಂಬುದು ನನ್ನ ಅಭಿಪ್ರಾಯ. ಅಂದಹಾಗೆ ಎರಡೂ ಅಧ್ಯಯನಗಳಲ್ಲಿ ಬಹುಪಾಲು ಜನ ಮಾಡಿದ್ದು ಬಿರುಸಿನ ನಡಿಗೆ. ಓಟ ಅದೇ ಲಾಭವನ್ನು ಕಡಿಮೆ ಹೊತ್ತಿನಲ್ಲಿ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬಿರುಸಿನ ನಡಿಗೆಯ 150 ನಿಮಿಷಕ್ಕೆ ಓಟದ 75 ನಿಮಿಷ ಸಮ.

ತೂಕದ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಒಂದು ಕಿಲೋಮೀಟರ್ ಓಡಲು ತೂಕದ ಪ್ರತಿ ಕೆ.ಜಿ.ಗೆ ಹೆಚ್ಚುಕಡಿಮೆ ಒಂದು ಕ್ಯಾಲರಿ ಖರ್ಚಾಗುತ್ತದೆ. ಎಂದರೆ ನೀವು ಐದು ಕಿಲೋಮೀಟರ್ ಓಡಿದರೆ ಸುಮಾರು 400 ಕ್ಯಾಲರಿ. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ, ಅರ್ಥಾತ್ 90 ಕಿಲೋಮೀಟರ್‌ಗೂ ಹೆಚ್ಚು ಓಟ ಬೇಕು. ಬೆಳಿಗ್ಗೆ ಓಡಿ ಬಂದ ಖುಷಿಯಲ್ಲಿ ನೇರ ಬೆಣ್ಣೆದೋಸೆ ಹೋಟೆಲಿಗೆ ಹೋಗುವ ಸೌಲಭ್ಯ ನಿಮ್ಮ ಊರಿನಲ್ಲಿ ಧಾರಾಳವಾಗಿರುವುದರಿಂದ ಈ ಲೆಕ್ಕವನ್ನು ಬಿಡಿಸಿ ಹೇಳಿದೆ. ತೂಕ ಇಳಿಯುವುದು ಮುಖ್ಯವಾಗಿ ತಟ್ಟೆಯಿಂದ. ಓಟ ಇಳಿದ ತೂಕವನ್ನು ಮರಳಿ ಬಾರದಂತೆ ಕಾಯುತ್ತದೆ. ತೂಕ ಇಳಿಯದಿದ್ದರೂ ಹೃದಯ, ಸಕ್ಕರೆ, ರಕ್ತದೊತ್ತಡ ಸುಧಾರಿಸುತ್ತವೆ ಎಂಬುದನ್ನು ಮರೆಯಬಾರದು. 55 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸರಾಸರಿ 15 ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನಕ್ಕೆ ಐದು ಹತ್ತು ನಿಮಿಷ ನಿಧಾನವಾಗಿ ಓಡಿದವರಿಗೂ ಓಡದವರಿಗಿಂತ ಸಾವಿನ ಅಪಾಯ ಗಣನೀಯವಾಗಿ ಕಡಿಮೆ ಇತ್ತು, ಹೆಚ್ಚು ಓಡಿದವರಿಗೆ ಅದಕ್ಕಿಂತ ಬಹಳ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಇನ್ನು ಮಂಡಿ. ಮನೆಯವರ ಆತಂಕ ಸಹಜವಾದುದು, ನನ್ನ ಬಳಿ ಬರುವ ಹೆಚ್ಚಿನವರ ಮನೆಯಲ್ಲೂ ಇದೇ ಮಾತು. ಆದರೆ ಪುರಾವೆ ಬೇರೆ ದಿಕ್ಕಿನಲ್ಲಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಸೊಂಟ ಮತ್ತು ಮಂಡಿಯ ಕೀಲು ಸವೆತ ಹವ್ಯಾಸಕ್ಕಾಗಿ ಓಡುವವರಲ್ಲಿ ಶೇ 3.5ರಷ್ಟಿದ್ದರೆ ಓಡದೆ ಕುಳಿತವರಲ್ಲಿ ಶೇ 10.2ರಷ್ಟಿತ್ತು. ಸ್ಪರ್ಧೆಯೇ ವೃತ್ತಿಯಾದ ಓಟಗಾರರಲ್ಲಿ ಮಾತ್ರ ಅದು ಶೇ 13.3ಕ್ಕೆ ಏರಿತ್ತು. ಮಂಡಿಯಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ನೇರ ರಕ್ತನಾಳಗಳಿಲ್ಲ. ಒತ್ತಿದಾಗ ದ್ರವ ಹೊರಹೋಗಿ, ಬಿಟ್ಟಾಗ ಒಳಬರುವ ಕ್ರಿಯೆಯಿಂದಲೇ ಅದಕ್ಕೆ ಆಹಾರ. ಮಿತವಾದ ಭಾರ ಅದಕ್ಕೆ ಬೇಕು. ಈಗಾಗಲೇ ಸವೆದ, ಊದಿಕೊಂಡ ಅಥವಾ ಹಿಂದೆ ಪೆಟ್ಟಾಗಿ, ಮೂಳೆಗಳನ್ನು ಜೋಡಿಸುವ ಅಸ್ಥಿರಜ್ಜು ಹರಿದ ಮಂಡಿಯವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ಮೂಳೆ ತಜ್ಞರನ್ನು ಕಂಡ ಮೇಲೆಯೇ ಹೆಜ್ಜೆ ಇಡಬೇಕು.

ನಿಮಗೆ ನೋವು ಬಂದದ್ದು ಮಂಡಿಗಲ್ಲ, ಅದರ ಕೆಳಗಿನ ಎಲುಬಿಗೆ, ಮತ್ತು ನಿಮ್ಮ ತಪ್ಪಿನ ಸುಳಿವು ಅದರಲ್ಲೇ ಇದೆ. ಓಡಲಾರಂಭಿಸಿದವರ ಹೃದಯ ಮತ್ತು ಶ್ವಾಸಕೋಶ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಸ್ನಾಯುಗಳಿಗೆ ಇನ್ನೂ ಸ್ವಲ್ಪ ಹೊತ್ತು ಬೇಕು. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಮತ್ತು ಎಲುಬುಗಳು ಮಾತ್ರ ತಿಂಗಳುಗಳನ್ನೇ ತೆಗೆದುಕೊಳ್ಳುತ್ತವೆ. ಭಾರ ಬಿದ್ದ ಎಲುಬು ಮೊದಲು ತನ್ನ ಹಳೆಯ ಅಂಶವನ್ನು ಒಡೆದು ತೆಗೆದು, ಆಮೇಲೆ ಹೊಸದನ್ನು ಕಟ್ಟಿಕೊಳ್ಳುತ್ತದೆ; ಈ ಎರಡರ ನಡುವಿನ ಕೆಲವು ವಾರ ಅದು ಮೊದಲಿಗಿಂತ ದುರ್ಬಲವಾಗಿರುತ್ತದೆ. ಉಸಿರು ಸ್ವಲ್ಪ ಸುಧಾರಿಸಿತು, ಇನ್ನು ವೇಗ ಹೆಚ್ಚಿಸೋಣ ಎಂದು ಮನಸ್ಸು ಹೇಳುವ ಹೊತ್ತೂ ಸರಿಯಾಗಿ ಅದೇ. ಹೊಸಬರಿಗೆ ಮೂರನೆಯ ವಾರದಿಂದ ಎಂಟನೆಯ ವಾರದ ನಡುವೆ ನೋವು ಕಾಣಿಸಿಕೊಳ್ಳುವುದು ಇದರಿಂದಲೇ. ನಿಮ್ಮ ನೋವು ಎಲುಬಿನ ಉದ್ದಕ್ಕೂ ಹರಡಿಕೊಂಡಿದ್ದರೆ ಎರಡು ಮೂರು ವಾರ ಓಟ ಬಿಟ್ಟು ನಡೆದರೆ ಸಾಮಾನ್ಯವಾಗಿ ತಗ್ಗುತ್ತದೆ. ಬೆರಳಿನಿಂದ ಒತ್ತಿದಾಗ ಒಂದೇ ಬಿಂದುವಿನಲ್ಲಿ ಚುಚ್ಚಿದಂತೆ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಅದು ಎಲುಬಿನ ಕೂದಲೆಳೆಯ ಬಿರುಕಾಗಿರಬಹುದು. ಆಗ ತಡಮಾಡದೆ ವೈದ್ಯರಿಗೆ ತೋರಿಸಿ, ಓಡಬೇಡಿ.

ಮತ್ತೆ ಶುರುಮಾಡುವಾಗ ದಿನ ಬಿಟ್ಟು ದಿನ ಹೋಗಿ, ಮತ್ತು ದೂರವನ್ನು ಲೆಕ್ಕ ಹಾಕದೆ ಹೊತ್ತನ್ನು ಲೆಕ್ಕ ಹಾಕಿ. ಮೊದಲ ಹತ್ತು ನಿಮಿಷ ನಡಿಗೆ. ನಂತರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಬಾರಿ. ಕೊನೆಗೆ ಐದು ನಿಮಿಷ ನಡಿಗೆ. ಇದು ಸುಲಭವೆನಿಸಿದರೂ ಎರಡು ವಾರ ಹೀಗೇ ಇರಲಿ. ಆಮೇಲೆ ಓಟದ ಭಾಗವನ್ನು ಅರ್ಧರ್ಧ ನಿಮಿಷ ಹೆಚ್ಚಿಸುತ್ತಾ, ನಡಿಗೆಯನ್ನು ಅಷ್ಟಷ್ಟೇ ಕಡಿಮೆ ಮಾಡುತ್ತಾ ಹೋದರೆ ಮೂರು ತಿಂಗಳ ಹೊತ್ತಿಗೆ ಅರ್ಧ ಗಂಟೆ ಎಡೆಬಿಡದೆ ಓಡುವಿರಿ. ವೇಗದ ಅಳತೆಗೆ ಕೈಗಡಿಯಾರ ಬೇಡ. ನಿಮಗೆ ಬಾಯಿಪಾಠವಿರುವ ಒಂದು ವಚನವನ್ನು ಓಡುತ್ತಲೇ ಗಟ್ಟಿಯಾಗಿ ಹೇಳಿ ನೋಡಿ; ಸಾಲಿನ ನಡುವೆ ಉಸಿರು ಕಡಿದರೆ ನೀವು ವೇಗವಾಗಿ ಓಡುತ್ತಿದ್ದೀರಿ ಎಂದರ್ಥ. ಆರಂಭದಲ್ಲಿ ಈ ವೇಗ ಕಿಲೋಮೀಟರಿಗೆ ಒಂಬತ್ತು ನಿಮಿಷವೋ ಇನ್ನೂ ಹೆಚ್ಚೋ ಆದೀತು. ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆಯುವ ನಿವೃತ್ತ ಮೇಷ್ಟರೊಬ್ಬರು ನಿಮ್ಮನ್ನು ಹಿಂದೆ ಹಾಕಿ, ಹೋಗುವಾಗ ತಿರುಗಿಯೂ ನೋಡಬಹುದು. ಓಟ ಬಿಟ್ಟವರಲ್ಲಿ ಎಷ್ಟೋ ಮಂದಿ ಕಾಲುನೋವಿನಿಂದ ಬಿಟ್ಟವರಲ್ಲ, ಆ ನೋಟ ತಾಳಲಾರದೆ ವೇಗ ಹೆಚ್ಚಿಸಿ, ಕಾಲುನೋವು ತಂದುಕೊಂಡು ಬಿಟ್ಟವರು. ಬ್ಯಾಂಕಿನ ಗ್ರಾಹಕರು ನೋಡುತ್ತಾರೆಂಬ ಸಂಕೋಚವಿದ್ದರೆ ಮೊದಲ ತಿಂಗಳು ಬೇರೆ ಬಡಾವಣೆಯ ಮೈದಾನ ಹುಡುಕಿಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ವಾರದಲ್ಲಿ ಎರಡು ದಿನ ಮನೆಯಲ್ಲೇ ಕಾಲಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ, ಗೋಡೆ ಹಿಡಿದು, ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ನಿಧಾನವಾಗಿ ಇಳಿಸುವುದು ಮೀನಖಂಡಕ್ಕೆ. ಕುರ್ಚಿಯ ಮುಂದೆ ನಿಂತು ಕೂರುವಷ್ಟು ಬಗ್ಗಿ ಏಳುವ ಬಸ್ಕಿ ತೊಡೆಗೆ. ಹದಿನೈದರಂತೆ ಮೂರು ಸುತ್ತು ಸಾಕು. ಬೂಟಿನ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ನಿಮ್ಮ ಪಾದದ ಮಾತು ಕೇಳಿ: ಸಂಜೆಯ ಹೊತ್ತು, ಪಾದ ತುಸು ಊದಿರುವಾಗ, ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಉಳಿಯುವ, ಹಾಕಿದ ಕೂಡಲೇ ಹಿತವೆನಿಸುವ ಓಟದ ಬೂಟು ಸಾಕು. ಹೆಚ್ಚು ಬೆಲೆಯ ಬೂಟು ಹೆಚ್ಚು ರಕ್ಷಣೆ ಕೊಡುತ್ತದೆ ಎಂಬುದಕ್ಕೆ ಆಧಾರವಿಲ್ಲ.

ನಿಮ್ಮ ಸಹಪಾಠಿ ಬದುಕು ಬದಲಾಯಿತು ಎನ್ನುವಾಗ ಬಹುಶಃ ಹೇಳಲು ಹೊರಟಿದ್ದು ಸಕ್ಕರೆ, ನಾಡಿಗಳ ಸಂಗತಿಯನ್ನಲ್ಲ, ಮನಸ್ಸಿನದನ್ನು. ಅದರಲ್ಲೂ ಹುರುಳಿದೆ. ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಖಿನ್ನತೆ ಅಥವಾ ಆತಂಕದಿಂದ ಬಳಲುತ್ತಿದ್ದ 141 ಮಂದಿಗೆ 16 ವಾರ ಮಾತ್ರೆ ಇಲ್ಲವೇ ಗುಂಪಿನ ಓಟ, ಎರಡರಲ್ಲಿ ಒಂದನ್ನು ಕೊಟ್ಟು 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಗುಂಪಿನಲ್ಲಿ ಸುಮಾರು ಶೇ 44 ಮಂದಿ ಚೇತರಿಸಿಕೊಂಡರು. ಓಡಿದವರ ರಕ್ತದೊತ್ತಡ, ಸೊಂಟದ ಸುತ್ತಳತೆಗಳೂ ಸುಧಾರಿಸಿದವು. ಆದರೆ ಮಾತ್ರೆಯ ಕ್ರಮವನ್ನು ಶೇ 82 ಮಂದಿ ಪಾಲಿಸಿದರೆ, ಓಟದ ಕ್ರಮವನ್ನು ಪಾಲಿಸಿದವರು ಶೇ 52 ಮಾತ್ರ. ಬಹುಪಾಲು ಮಂದಿ ತಮಗೆ ಬೇಕಾದುದನ್ನು ತಾವೇ ಆರಿಸಿಕೊಂಡಿದ್ದರು ಎಂಬುದನ್ನೂ ಮರೆಯಬಾರದು. ಓಟ ಕೆಲಸ ಮಾಡುತ್ತದೆ, ಹಾಸಿಗೆ ಬಿಟ್ಟು ಏಳುವುದೇ ಕಷ್ಟವಾಗಿರುವವರಿಗೆ ಓಡುವುದೂ ಕಷ್ಟ ಎಂಬ ಎರಡೂ ಸತ್ಯಗಳು ಅಲ್ಲಿವೆ. ಖಿನ್ನತೆಯ ಮಾತ್ರೆಯನ್ನು ಓಟದ ಭರವಸೆಯ ಮೇಲೆ ಯಾರೂ ತಾವಾಗಿ ನಿಲ್ಲಿಸಬಾರದು.

ಪ್ರಯೋಗಾಲಯದಲ್ಲಿ ಅಳೆಯಲಾಗದ, ಆದರೆ ನಾನು ರೋಗಿಗಳಲ್ಲಿ ಮತ್ತೆಮತ್ತೆ ಕಾಣುವ ಇನ್ನೊಂದು ಬಗೆಯ ಬದಲಾವಣೆಯಿದೆ. ಬೆಳಿಗ್ಗೆ ಐದೂವರೆಗೆ ಓಡಬೇಕಾದವರು ರಾತ್ರಿ ಹತ್ತಕ್ಕೆ ಮಲಗಬೇಕಾಗುತ್ತದೆ. ಹತ್ತಕ್ಕೆ ಮಲಗುವವರು ಹತ್ತೂವರೆಗೆ ಊಟ ಮಾಡಲಾಗುವುದಿಲ್ಲ, ಮೊಬೈಲ್ ಹಿಡಿದು ಹನ್ನೆರಡರವರೆಗೆ ಕೂರಲಾಗುವುದಿಲ್ಲ, ವಾರಾಂತ್ಯದ ಪಾರ್ಟಿಯಲ್ಲಿ ಎರಡನೆಯ ಗ್ಲಾಸಿಗೆ ಕೈ ಚಾಚುವ ಮುಂಚೆ ಯೋಚಿಸುತ್ತಾರೆ. ಸಿಗರೇಟು ಬಿಡಿ ಎಂದು ವರ್ಷಗಟ್ಟಲೆ ಹೇಳಿಸಿಕೊಂಡವರು, ಏರು ಹತ್ತುವಾಗ ಉಸಿರು ಸಿಕ್ಕಿಕೊಳ್ಳುವುದನ್ನು ತಾವೇ ಅನುಭವಿಸಿ ಬಿಡುತ್ತಾರೆ. ಒಂದು ಚಟುವಟಿಕೆಗಾಗಿ ದಿನವಿಡೀ ಮರುಜೋಡಣೆಯಾಗುತ್ತದೆ. ಓಟಕ್ಕೆ ಸಲ್ಲುವ ಕೀರ್ತಿಯಲ್ಲಿ ದೊಡ್ಡ ಪಾಲು ನಿಜಕ್ಕೂ ನಿದ್ದೆಗೂ ಹೊತ್ತಿಗೆ ಸರಿಯಾದ ಊಟಕ್ಕೂ ಸೇರಬೇಕು ಎಂದು ನಾನು ನಂಬಿದ್ದೇನೆ. ಇದರ ಜೊತೆಗೆ ಗೆಳೆತನ. ನಲವತ್ತು ದಾಟಿದ ಗಂಡಸರಿಗೆ ಕಚೇರಿ ಮತ್ತು ಬಂಧುಬಳಗ ಬಿಟ್ಟು ಹೊಸ ಸ್ನೇಹಿತರು ಸಿಗುವುದು ಅಪರೂಪ. ಓಟದ ಗುಂಪಿನಲ್ಲಿ ಅಕ್ಕಪಕ್ಕ ಸಾಗುವ ಎಲೆಕ್ಟ್ರಿಷಿಯನ್ ಮತ್ತು ಪ್ರಾಂಶುಪಾಲರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆ.

ಬದಲಾಗದ ಸಂಗತಿಗಳೂ ಇವೆ. ಸಾಲ, ಮೇಲಧಿಕಾರಿಯ ಕಿರಿಕಿರಿ, ದಾಂಪತ್ಯದ ಬಿರುಕು ಓಟದಿಂದ ಕರಗುವುದಿಲ್ಲ. ಅವುಗಳಿಂದ ತಪ್ಪಿಸಿಕೊಳ್ಳಲೆಂದು ದಿನಕ್ಕೆರಡು ಬಾರಿ ಓಡುವವರನ್ನು ನೋಡಿದ್ದೇನೆ, ಅವರ ಕಾಲು ಮತ್ತು ಸಂಸಾರ ಎರಡೂ ನೋಯುತ್ತವೆ. ಭಾನುವಾರ ಬೆಳಿಗ್ಗೆ ಮೂರು ಗಂಟೆ ಓಡಿ ಬಂದು ಮಧ್ಯಾಹ್ನ ನಿದ್ದೆ ಹೊಡೆಯುವ ಗಂಡನ ಶಿಸ್ತನ್ನು ಎಲ್ಲರೂ ಹೊಗಳುತ್ತಾರೆ. ಆ ಹೊತ್ತಿನಲ್ಲಿ ತಿಂಡಿ, ಮಕ್ಕಳು, ಸಂತೆ ಎಲ್ಲವನ್ನೂ ಒಬ್ಬಳೇ ನೋಡಿಕೊಂಡ ಹೆಂಡತಿಯನ್ನು ಕೇಳಿದರೆ ಬೇರೆ ಮಾತು ಬಂದೀತು. ಬೆಳಗಿನ ಕೆಲಸಗಳ ಹಂಚಿಕೆಯನ್ನು ಬೂಟು ಕೊಳ್ಳುವ ಮುಂಚೆಯೇ ಮನೆಯವರೊಡನೆ ಮಾತನಾಡಿಕೊಳ್ಳಿ. ಅವರಿಗೂ ಆಸಕ್ತಿಯಿದ್ದರೆ ವಾರದಲ್ಲಿ ಎರಡು ದಿನ ನೀವು ಅಡುಗೆಮನೆ ನೋಡಿಕೊಂಡು ಅವರು ಕೆರೆಗೆ ಹೋಗಲಿ. ಮಂಡಿ ಸವೆಯುತ್ತದೆ ಎಂಬ ಭಯಕ್ಕೂ ಅದು ಒಳ್ಳೆಯ ಉತ್ತರವಾದೀತು.

ಓಡುವ ಮುಂಚೆ ಹೃದಯದ ತಪಾಸಣೆಯನ್ನು ತಪ್ಪಿಸಬೇಡಿ ಎಂದು ಒತ್ತಿ ಹೇಳುವೆ. ಅಮೆರಿಕದ ಜಿಮ್ ಫಿಕ್ಸ್ ಎಂಬ ಪತ್ರಕರ್ತ ಮೂವತ್ತೈದರಲ್ಲಿ ಓಡಲು ಶುರುಮಾಡಿ, ಸಿಗರೇಟು ಬಿಟ್ಟು, ತೂಕ ಇಳಿಸಿ, 1977ರಲ್ಲಿ ಓಟದ ಬಗ್ಗೆ ಪುಸ್ತಕ ಬರೆದು ಲಕ್ಷಾಂತರ ಜನರನ್ನು ಓಡಿಸಿದವರು. ಸಾಮಾನ್ಯನ ಬದುಕು ಓಟದಿಂದ ಬದಲಾದದ್ದಕ್ಕೆ ಅವರಿಗಿಂತ ಪ್ರಸಿದ್ಧ ಉದಾಹರಣೆ ಆಗ ಇರಲಿಲ್ಲ. 1984ರಲ್ಲಿ, 52ನೆಯ ವಯಸ್ಸಿನಲ್ಲಿ, ಓಡುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಶವಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ತೀವ್ರವಾಗಿ ಕಟ್ಟಿಕೊಂಡಿದ್ದುದು ಕಂಡಿತು. ಅವರ ತಂದೆ 43ರಲ್ಲೇ ಹೃದ್ರೋಗದಿಂದ ತೀರಿಕೊಂಡಿದ್ದರು. ಓಟ ಅವರನ್ನು ಕೊಂದಿತು ಎನ್ನುವುದಕ್ಕಿಂತ, ಅನುವಂಶೀಯ ಅಪಾಯ ಮತ್ತು ಹಳೆಯ ಧೂಮಪಾನವನ್ನು ಓಟ ಅಳಿಸಿಹಾಕುತ್ತದೆ ಎಂಬ ನಂಬಿಕೆ ಅವರನ್ನು ತಪಾಸಣೆಯಿಂದ ದೂರ ಇರಿಸಿತು ಎನ್ನುವುದು ಸರಿ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂಬುದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಕಂಡ ಸಂಗತಿ. ಆದುದರಿಂದ ರಕ್ತದೊತ್ತಡ, ಕೊಲೆಸ್ಟರಾಲ್, ಇಸಿಜಿ ನೋಡಿಸಿ, ಮನೆತನದಲ್ಲಿ ಬೇಗ ಹೃದಯಾಘಾತವಾದವರಿದ್ದರೆ ವೈದ್ಯರಿಗೆ ಹೇಳಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕೋ ಬೇಡವೋ ಅವರು ನಿರ್ಧರಿಸುತ್ತಾರೆ. ಓಡುವಾಗ ಎದೆ ಬಿಗಿದರೆ, ನೋವು ದವಡೆಗೋ ಎಡಗೈಗೋ ಹರಿದರೆ, ಕಣ್ಣು ಕತ್ತಲಿಟ್ಟರೆ ಅದೇ ಕ್ಷಣ ನಿಂತು ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ ಇರಬಹುದೆಂದು ಸೋಡಾ ಕುಡಿದು ಕಾಯುವುದು ಬೇಡ. ಇಷ್ಟು ಎಚ್ಚರಿಕೆ ಹೇಳಿದ ಮೇಲೆ ಪ್ರಮಾಣವನ್ನೂ ಹೇಳಬೇಕು: ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ ಒಂದು ಕೋಟಿಗೂ ಹೆಚ್ಚು ಮಂದಿಯಲ್ಲಿ ಹೃದಯ ಸ್ತಂಭನವಾದವರು 59.

ನಮ್ಮ ಊರುಗಳಲ್ಲಿ ಓಟಗಾರರಿಗೆ ಹೃದಯಕ್ಕಿಂತ ಹತ್ತಿರದ ಅಪಾಯ ರಸ್ತೆ. ಪಂಜಾಬ್ ಮೂಲದ ಫೌಜಾ ಸಿಂಗ್, ಪತ್ನಿ ಮತ್ತು ಮಗನ ಸಾವಿನ ದುಃಖದಿಂದ ಹೊರಬರಲು ಇಳಿವಯಸ್ಸಿನಲ್ಲಿ ಲಂಡನ್‌ನಲ್ಲಿ ಓಟಕ್ಕಿಳಿದು, ತಮ್ಮ 89ನೆಯ ವಯಸ್ಸಿನಲ್ಲಿ ಮೊದಲ ಮ್ಯಾರಥಾನ್ ಮುಗಿಸಿದರು, 2011ರಲ್ಲಿ ಟೊರಾಂಟೊದಲ್ಲಿ ನೂರು ವರ್ಷದವರಾಗಿ ಎಂಟು ಗಂಟೆಗೂ ಮೀರಿ ಓಡಿ ಗುರಿ ಮುಟ್ಟಿದರು. ಜನನ ಪ್ರಮಾಣಪತ್ರವಿಲ್ಲವೆಂದು ಗಿನ್ನೆಸ್‌ನವರು ಅದನ್ನು ದಾಖಲಿಸಲಿಲ್ಲ. 2025ರ ಜುಲೈನಲ್ಲಿ ಅವರು ತೀರಿಕೊಂಡದ್ದು ತಮ್ಮ ಊರಿನ ಬಳಿಯ ಹೆದ್ದಾರಿಯಲ್ಲಿ ಕಾರು ಡಿಕ್ಕಿ ಹೊಡೆದು. ಆದಷ್ಟೂ ಮೈದಾನ, ಉದ್ಯಾನ, ಕೆರೆಯ ಏರಿಯನ್ನೇ ಆರಿಸಿ. ರಸ್ತೆಯಲ್ಲೇ ಓಡಬೇಕಾದರೆ ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಿ, ನಸುಕಿನಲ್ಲಿ ಬೆಳಕಿಗೆ ಹೊಳೆಯುವ ಪಟ್ಟಿಯ ಬಟ್ಟೆ ಹಾಕಿ, ಕಿವಿಗೆ ಇಯರ್‌ಫೋನ್ ಬೇಡ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ. ನಿಂತು, ದಿಟ್ಟಿಸದೆ, ಪಕ್ಕಕ್ಕೆ ನಿಧಾನವಾಗಿ ನಡೆಯಿರಿ. ಕಚ್ಚಿದರೆ ಹದಿನೈದು ನಿಮಿಷ ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು.

ಕೊನೆಗೆ ಮುಂಬೈನ ಮಾತು. ಹೆಸರು ಕೊಡಬೇಡಿ. ದೇಹ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು 400ರಿಂದ 500 ಗ್ರಾಂ ಅಷ್ಟೆ. ಅಭ್ಯಾಸವಿಲ್ಲದವರಿಗೆ ಅದು ಮೂವತ್ತನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ, ಉಳಿದ ಹನ್ನೆರಡು ಕಿಲೋಮೀಟರ್ ಸೆಕೆಯಲ್ಲಿ ಕಾಲೆಳೆಯಬೇಕಾಗುತ್ತದೆ. ಅದನ್ನು ತಾಳಿಕೊಳ್ಳುವ ಎಲುಬು, ಸ್ನಾಯುರಜ್ಜುಗಳು ಐದು ತಿಂಗಳಲ್ಲಿ ತಯಾರಾಗುವುದಿಲ್ಲ. ನಡುವೆ ಗುರಿಯೊಂದು ಬೇಕೆನಿಸಿದರೆ, ಬೇಸಿಗೆಯ ಹೊತ್ತಿಗೆ ಬೆಂಗಳೂರಿನ 10 ಕಿ.ಮೀ. ಓಟ ಬರುತ್ತದೆ, ಅದು ನಿಮ್ಮ ಅಳತೆಗೆ ಸರಿ. ಅಲ್ಲಿಂದ ಮುಂದಿನ ವರ್ಷಕ್ಕೆ ಶ್ರೀರಂಗಪಟ್ಟಣದ ಬಳಿ ಕಾಲುವೆಯ ಪಕ್ಕದ ಮಣ್ಣುದಾರಿಯಲ್ಲಿ ನಡೆಯುವ ಕಾವೇರಿ ಟ್ರೇಲ್‌ನ ಅರ್ಧ ಮ್ಯಾರಥಾನ್ ನೋಡಬಹುದು. ಪೂರ್ಣ ಮ್ಯಾರಥಾನ್ ಓಡದೆಯೇ ಜೀವಮಾನವಿಡೀ ಓಡಿದರೂ ಆರೋಗ್ಯದ ಲೆಕ್ಕದಲ್ಲಿ ನೀವು ಏನನ್ನೂ ಕಳೆದುಕೊಳ್ಳುವುದಿಲ್ಲ. ಎಚ್‌ಬಿಎ1ಸಿ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಪರೀಕ್ಷೆಯಾದ್ದರಿಂದ ಮೂರು ತಿಂಗಳಿಗಿಂತ ಮುಂಚೆ ಮತ್ತೆ ಮಾಡಿಸಿ ನಿರಾಶರಾಗಬೇಡಿ. ಆಗ ಅದು 6ಕ್ಕಿಂತ ಕೆಳಗಿಳಿದಿದ್ದರೆ ಇದೇ ಕ್ರಮ ಮುಂದುವರಿಸಿ, ಓಡಿಯೂ 6.5 ಮುಟ್ಟಿದ್ದರೆ ಮಾತ್ರೆ ಶುರುಮಾಡುವ ಬಗ್ಗೆ ನಿಮ್ಮ ವೈದ್ಯರೊಡನೆ ಮಾತನಾಡಿ, ಓಟವನ್ನು ಮಾತ್ರ ನಿಲ್ಲಿಸಬೇಡಿ.